ನಾಲ್ಕನೇ ಮೊಳದಲ್ಲಿ ಏನು ಓದಿದ್ದೆ?

ಮೊನ್ನೆ ಮೊಮ್ಮಗಳು ತಂದುಕೊಟ್ಟ ಒಂದು ಪತ್ತೇದಾರಿ ಕಾದಂಬರಿ ಓದಿ ಮುಗಿಸಿದೆ. ಮೂರು ಕೊಲೆ, ಒಂದು ಪಾಳು ಬಂಗಲೆ, ಗೋಡೆಯೊಳಗೆ ಹುಗಿದ ಹೆಣ. ಎರಡನೇ ಕೊಲೆಯ ಹೊತ್ತಿಗೆ ನನಗೆ ತೂಕಡಿಕೆ ಬಂದು, ಪುಸ್ತಕ ಎದೆಯ ಮೇಲೆ ಇಟ್ಟುಕೊಂಡು ಮಲಗಿಬಿಟ್ಟೆ. ಅದರ ಹಿಂದಿನ ವಾರ ಓದಿದ್ದು ಒಬ್ಬ ಹೆಣ್ಣುಮಗಳು ಬರೆದ ಅಡುಗೆಮನೆಯ ನೆನಪುಗಳನ್ನು. ಅದರಲ್ಲಿ ಉಪ್ಪಿನಕಾಯಿ ಹಾಕುವ ಪುಟಕ್ಕೆ ಬಂದಾಗ ಸಾಲಿನ ಕೊನೆಯ ಪದವೊಂದು ನನಗೆ ಕಾಣಲಿಲ್ಲ. ಎಡಗಣ್ಣು ಮುಚ್ಚಿ ನೋಡಿದೆ, ಬಲಗಣ್ಣು ಮುಚ್ಚಿ ನೋಡಿದೆ. ಪದ ಅಲ್ಲೇ ಇತ್ತು, ಪುಟ ಮಡಚಿಕೊಂಡಿತ್ತು ಅಷ್ಟೆ. ಆದರೂ ಆ ಪುಸ್ತಕವನ್ನು ಮತ್ತೆ ಮುಟ್ಟಲು ನನಗೆ ಧೈರ್ಯವಾಗಿಲ್ಲ. ಓದಿದ್ದು ಹೇಗನ್ನಿಸಿತು ಎಂದು ಮೊಮ್ಮಗಳು ಕೇಳಿದಾಗ ಖರೆ ಮಾತು ಹೇಳಿದೆ: ಕೊಲೆಯ ಪುಸ್ತಕ ಓದಿ ನಿದ್ದೆ ಬಂತು, ಉಪ್ಪಿನಕಾಯಿಯ ಪುಸ್ತಕ ಓದಿ ಜೀವ ಹಾರಿತು. ಅವಳು ನಕ್ಕಳು. ನಗಲಿ. ಅವಳು ಇಳಕಲ್ಲಿನ ನಮ್ಮ ಪಡಸಾಲೆಯನ್ನು ನೋಡಿದವಳಲ್ಲ.

ಆ ಪಡಸಾಲೆಯೇ ನಮ್ಮ ಮನೆ ಎನ್ನಬೇಕು. ಹಿಂದೆ ಒಂದು ಅಡುಗೆಮನೆ, ಮೂಲೆಯಲ್ಲಿ ಒಂದು ಬಚ್ಚಲು, ಉಳಿದದ್ದೆಲ್ಲ ಮಗ್ಗಕ್ಕೆ. ನೆಲದಲ್ಲಿ ಎರಡು ಕುಣಿ, ಎದುರಾಬದುರಾ. ಬಲಗಡೆಯ ಕುಣಿಯಲ್ಲಿ ಕಾಲು ಇಳಿಬಿಟ್ಟು ಅಪ್ಪ ಸೀರೆ ನೇಯುತ್ತಿದ್ದ, ಎಡಗಡೆಯದರಲ್ಲಿ ಅವ್ವ. ಗೋಡೆಗೊರಗಿ ಆಯಿ, ಅಂದರೆ ಅಪ್ಪನ ತಾಯಿ, ರಾಟಿ ತಿರುಗಿಸುತ್ತ ಲಾಳಿಯೊಳಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ನಾನು ಬೀದಿಬಾಗಿಲ ಹೊಸ್ತಿಲ ಮೇಲೆ, ಬೆಳಕಿಗೆ ಪುಸ್ತಕ ಹಿಡಿದು, ದೊಡ್ಡ ದನಿಯಲ್ಲಿ ಓದುತ್ತಿದ್ದೆ. ಎರಡು ಮಗ್ಗಗಳ ಸದ್ದಿನ ಮೇಲೆ ಕೇಳಿಸಬೇಕಲ್ಲ, ಹೀಗಾಗಿ ನನ್ನ ಗಂಟಲು ಇವತ್ತಿಗೂ ಒರಟು. ಸಾಲಿ ಬಿಟ್ಟು ಬಂದು, ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದು, ಕೈ ತೊಳೆದರೆ ಹೊಸ್ತಿಲು. ಈ ಓದು ಹಚ್ಚಿಕೊಟ್ಟವಳು ಅವ್ವ. ಅವಳು ನಾಲ್ಕನೇ ಇಯತ್ತೆ ಕಲಿತವಳು. ಒಂದು ದಿನ ನನ್ನ ಕೈ ಹಿಡಿದು ಊರಿನ ವಾಚನಾಲಯಕ್ಕೆ ಕರೆದೊಯ್ದು, ಅಲ್ಲಿನ ಮಾಸ್ತರಿಗೆ, "ಇಕಿಗೆ ಪುಸ್ತಕ ಕೊಡ್ರಿ, ಓದೂದು ರೂಢಿ ಆಗ್ಲಿ" ಎಂದು ಹೇಳಿ ಬಂದಿದ್ದಳು. ಮಾಸ್ತರು ಬಿಳಿ ಟೋಪಿಯ, ಮೂಗಿನ ತುದಿಗೆ ಚಾಳೀಸು ಇಟ್ಟುಕೊಂಡ ಮುದುಕರು. ಅವರದೊಂದು ಕರಾರಿತ್ತು.

"ಓದಿ ಏನ ಅನಿಸಿತು ಅಷ್ಟ ಬರಕೊಂಡ ಬಾ. ಕತಿ ಬರೀಬ್ಯಾಡ, ಕತಿ ನಂಗೂ ಗೊತ್ತೈತಿ. ಬರದದ್ದು ತೋರಿಸಿದ್ರ ಮುಂದಿನ ಪುಸ್ತಕ."

ಹಾಗಾಗಿ ನನ್ನ ಬಳಿ ಒಂದು ನೋಟುಬುಕ್ಕಿತ್ತು. ವಾರಕ್ಕೊಮ್ಮೆ ಅದು ಮಾಸ್ತರ ಕೈಗೆ ಹೋಗಿ ಬರುತ್ತಿತ್ತು. 'ಈ ರಾಜಕುಮಾರಿಗೆ ಬುದ್ಧಿ ಇಲ್ಲ.' 'ಇದರಲ್ಲಿ ಬಹಳ ಅಳುತ್ತಾರೆ, ನನಗೆ ಹಸಿವಾಯಿತು.' ಇಂಥ ಅಭಿಪ್ರಾಯಗಳು. ಪಕ್ಕದ ಅಂಚಿನಲ್ಲಿ ನಾನೊಂದು ಅಂಕಿಯನ್ನೂ ಬರೆಯುತ್ತಿದ್ದೆ, ಅದು ಮೊಳದ ಅಂಕಿ. ಒಂದು ಮೊಳ ನೇಯ್ದು ಮುಗಿದಾಗಲೆಲ್ಲ "ಮೂರ ಆತು", "ನಾಕ ಆತು" ಎಂದು ಮಗ್ಗದ ಮೇಲಿಂದಲೇ ಕೂಗಿ ಹೇಳುವುದು ನಮ್ಮ ಮನೆಯ ರೂಢಿ. ಯಾವ ಮೊಳ ನೇಯುವಾಗ ಯಾವ ಪುಸ್ತಕ ನಡೆದಿತ್ತು ಎಂದು ನಾನು ಗುರುತು ಹಾಕಿಡುತ್ತಿದ್ದೆ. ಯಾಕೆಂದರೆ ಅದು ಮುಂದೆ ಬೇಕಾಗುತ್ತಿತ್ತು.

ಅಪ್ಪ ಆರಡಿಯ ಆಳು, ದೆವ್ವದ ಕತೆಗೆ ಮಾತ್ರ ಮಹಾ ಪುಕ್ಕಲ. ಕತೆಯಲ್ಲಿ ಬಾಗಿಲು ಕಿರ್ ಎಂದರೆ ಅವನ ಕೈಯ ಹೊಡೆತ ಸಡಿಲಾಗುತ್ತಿತ್ತು, ಬಟ್ಟೆ ಅಲ್ಲಿ ತೆಳ್ಳಗಾಗುತ್ತಿತ್ತು. ಸೀರೆ ಮುಗಿಸಿ ಮಗ್ಗದಿಂದ ಕೊಯ್ದ ದಿನ ಅಪ್ಪ ಅದನ್ನು ಬಾಗಿಲ ಬೆಳಕಿಗೆ ಹಿಡಿದು, ಅಂಗೈಯಿಂದ ಸವರುತ್ತ ಬಂದು, ತೆಳ್ಳಗಾದಲ್ಲಿ ಬೆರಳಿಟ್ಟು ನನ್ನನ್ನು ಕೇಳುತ್ತಿದ್ದ: "ಇಲ್ಲಿ ಏನ ಓದಿದ್ದಿ?" ನಾನು ನೋಟುಬುಕ್ಕು ನೋಡಿ ಹೇಳುತ್ತಿದ್ದೆ: "ಸ್ಮಶಾನದ ಪಾಠ ಅಪ್ಪಾ." ಮನೆಯೆಲ್ಲ ನಗುತ್ತಿತ್ತು, ಅಪ್ಪನೂ. ಹೀಗೆ ನಮ್ಮ ಮನೆಯಲ್ಲಿ ಬಟ್ಟೆಯ ತಪ್ಪುಗಳೆಲ್ಲ ಪುಸ್ತಕದ ತಪ್ಪುಗಳಾದವು. ಅವ್ವನ ಮಗ್ಗದಲ್ಲಿ ಮಾತ್ರ ಇಂಥ ಗುರುತು ಸಿಗುತ್ತಿರಲಿಲ್ಲ. ಹೆಣ ಎದ್ದು ಕೂತರೂ ಅವಳ ಹೊಡೆತ ಒಂದೇ ಸಮ. "ನಮ್ಮ ಗೌರವ್ವನ ಕೈ ಅಂದ್ರ ಗಡಿಯಾರ" ಎಂದು ಆಯಿ ಓಣಿಯವರ ಮುಂದೆ ಹೇಳಿಕೊಳ್ಳುತ್ತಿದ್ದಳು. ಅತ್ತೆಯ ಬಾಯಿಂದ ಅಷ್ಟು ಬಂದರೆ ಸಾಕಲ್ಲ.

ಒಂದು ವರ್ಷ ಶ್ರಾವಣದ ಆಸುಪಾಸಿನಲ್ಲಿ ನಾನು ಹಾಳುಬಾವಿಯ ಹೆಂಗಸಿನ ಕತೆ ತಂದೆ. ಬಾವಿಗೆ ಬಿದ್ದು ಸತ್ತವಳು ಒದ್ದೆ ಕಾಲಿನಲ್ಲಿ ಮನೆ ಮನೆ ತಿರುಗುವ ಕಾದಂಬರಿ. ಅದನ್ನು ಓದುವಾಗ ನನ್ನ ಬೆನ್ನಿನ ಮೇಲೇ ಯಾರೋ ನೀರು ಬಿಟ್ಟ ಹಾಗಾಗುತ್ತಿತ್ತು, ಬಾಗಿಲಿಗೆ ಬೆನ್ನು ಮಾಡಿ ಕೂರಲು ಆಗದೆ ಗೋಡೆಗೆ ಸರಿದುಕೊಂಡೆ. ಆಗ ನೇಯುತ್ತಿದ್ದ ಸೀರೆ ಕೊಯ್ದಾಗ ಅವ್ವನ ಬಟ್ಟೆಯಲ್ಲಿ ಮೊದಲ ಸಲ ತಪ್ಪು ಕಂಡಿತು. ದಡಿಯ, ಅಂದರೆ ಸೀರೆಯ ಅಂಚಿನ, ಪಕ್ಕದಲ್ಲಿ ಹಾಸಿನ ಉದ್ದೆಳೆಯೊಂದು ಹರಿದು, ಹಾಗೇ ಒಂದು ಗೇಣು ಮುಂದೆ ಹೋಗಿತ್ತು.

"ಅರೆ! ಈಕೀನೂ ಅಂಜಾಕತ್ತಳಲ್ಲೊ!" ಎಂದು ಅಪ್ಪ ನಕ್ಕ. ಅವ್ವನೂ ನಕ್ಕು, "ಬಾವ್ಯಾನಾಕಿ ಬಂದು ಎಳಿ ಹರದ್ಲು" ಎಂದಳು.

ನನಗೆ ಹೆಮ್ಮೆಯಾಯಿತು. ಇದನ್ನು ಬರೆಯಲು ಇಂದಿಗೂ ನಾಚಿಕೆ. ಗಡಿಯಾರದಂಥ ಅವ್ವನನ್ನು ನನ್ನ ಓದು ಹೆದರಿಸಿತು ಎಂದು ನಾನು ಆ ದಿನವೆಲ್ಲ ಎದೆಯುಬ್ಬಿಸಿಕೊಂಡು ಓಡಾಡಿದೆ. ಮುಂದಿನ ಸೀರೆಯಲ್ಲಿ ಎರಡು ತಪ್ಪು ಬಂದವು, ಅವೂ ದಡಿಯ ಹತ್ತಿರವೇ. ಈಗ ಆಯಿ ರಾಟಿ ಬಿಟ್ಟು ಎದ್ದಳು.

"ಹುಡಿಗಿ ಮನ್ಯಾಗ ದೆವ್ವಾ ತಂದು ಕುಂದರ್ಸ್ಯಾಳ! ತಾಯಿ ಕೈ ಕೆಡಿಸಿದ್ಲು! ಒಲಿಗೆ ಹಾಕು ಆ ಪುಸ್ತಕಾನ!"

ಅಂದು ದೊಡ್ಡ ಜಗಳವೇ ಆಯಿತು. ಪುಂಡಿಪಲ್ಯ ತಣ್ಣಗಾಯಿತು, ಯಾರೂ ಉಣ್ಣಲಿಲ್ಲ. ಕೊನೆಗೆ ಅಪ್ಪ ತೀರ್ಮಾನ ಮಾಡಿದ: ಓದು ಇರಲಿ, ದೆವ್ವ ಬೇಡ. ಅಂಜುವಂಥ ಪುಸ್ತಕ ಹೊಸ್ತಿಲು ದಾಟಕೂಡದು. ನಾನು ಒಪ್ಪಿ, ಮಾಸ್ತರ ಬಳಿ ಹೋಗಿ ಎಲ್ಲಕ್ಕಿಂತ ಸಾದಾ ಪುಸ್ತಕ ಕೇಳಿದೆ. ಅವರು ಕೊಟ್ಟದ್ದು ಒಂದು ಅಳಿಲಿನ ಕತೆ. ಹತ್ತಿಯ ಗಾಡಿಯಲ್ಲಿ ಬೆಚ್ಚಗೆ ಮಲಗಿದ್ದ ಅಳಿಲೊಂದು ಗಾಡಿ ಹೊರಟು ಪರವೂರಿಗೆ ಹೋಗಿ, ತನ್ನ ಬೇವಿನ ಮರಕ್ಕೆ ವಾಪಸು ಬರಲು ಹೊರಡುತ್ತದೆ. ಅಷ್ಟೇ.

ಆ ದಿನ ಬಿಸಿಲು ಚೆನ್ನಾಗಿತ್ತು. ಅಳಿಲು ಒಬ್ಬ ಮುದುಕಿಯ ಅಂಗಳದಲ್ಲಿ ಶೇಂಗಾ ತಿನ್ನುತ್ತಿದ್ದಾಗ ನಾನು ಪುಟ ತಿರುವಲು ತಲೆ ಎತ್ತಿದೆ. ಅವ್ವನ ಎಡಗಡೆ ದಡಿಯಲ್ಲಿ ಕೆಂಪು ಎಳೆಯೊಂದು ಹರಿದು ಜೋತುಬಿದ್ದಿತ್ತು. ಹೊಸ್ತಿಲಲ್ಲಿ ಕೂತ ನನಗೆ ಕಾಣುತ್ತಿತ್ತು. ಮೂಗಿನ ಮುಂದೆ ಇದ್ದ ಅವ್ವ ಲಾಳಿ ಎಸೆಯುತ್ತಲೇ ಇದ್ದಳು. ಒಂದು ಹೊಡೆತ, ಎರಡು, ಹತ್ತು. ನನ್ನ ದನಿ ನಿಂತುಹೋಯಿತು.

"ಯಾಕ ನಿಂತಿ? ಓದು."

"ಅವ್ವಾ, ಎಳಿ ಹರದೈತಿ."

ಅವಳು ಮಗ್ಗ ನಿಲ್ಲಿಸಿದಳು. ಬಲಗಡೆಯ ದಡಿಯ ಮೇಲೆ ಬೆರಳಾಡಿಸಿ ಹುಡುಕಿದಳು. ಆಮೇಲೆ ನಡುವೆ. ಆಮೇಲೆ ತಲೆಯನ್ನು ಪೂರ್ತಿ ಎಡಕ್ಕೆ ಹೊರಳಿಸಿ, ಕೋಳಿ ಕಾಳು ನೋಡುವ ಹಾಗೆ ಓರೆಯಾಗಿ ನೋಡಿ, ಎಳೆಯನ್ನು ಹಿಡಿದು ಗಂಟು ಹಾಕಿದಳು. ಗಂಟು ಹಾಕುವುದನ್ನು ಅವಳ ಬೆರಳೇ ಮಾಡಿತು, ಕಣ್ಣು ಎಲ್ಲೋ ಇತ್ತು. ಎದುರಿನ ಕುಣಿಯಲ್ಲಿ ಅಪ್ಪ ತಲೆ ತಗ್ಗಿಸಿ ನೇಯುತ್ತಿದ್ದ, ಅವನಿಗೆ ಏನೂ ಗೊತ್ತಾಗಲಿಲ್ಲ. "ನಾಕ ಆತು" ಎಂದು ಅವ್ವ ಕೂಗಿದಳು. ದನಿ ಎಂದಿನಂತೆಯೇ ಇತ್ತು. ನಾನು ಮತ್ತೆ ಓದಲು ಶುರು ಮಾಡಿದೆ. ಬಾಯಿ ಓದುತ್ತಿತ್ತು, ಸಾಲು ಸಾಲಿಗೆ ನಾನು ತಲೆ ಎತ್ತಿ ದಡಿ ನೋಡುತ್ತಿದ್ದೆ. ಸಂಜೆ ನೋಟುಬುಕ್ಕಿನಲ್ಲಿ ಬರೆದೆ: 'ಅಳಿಲಿನ ಪುಸ್ತಕ. ಅಂಜುವಂಥದ್ದು ಏನೂ ಇಲ್ಲ. ಓದುವಾಗ ನನಗೆ ಬಹಳ ಅಂಜಿಕೆಯಾಯಿತು.' ಅಂಚಿನಲ್ಲಿ: 'ಅವ್ವ, ೪.'

ಮರುದಿನ ಆಯಿಗೆ ಕಂಡಿಕೆ ತರಲು ಹೋದವಳು ಅವ್ವನ ಡಬ್ಬಿ ತೆರೆದೆ. ನೂಲಿನ ಕೆಳಗೆ ಒಂದು ಚಿಂದಿ ಗಂಟು. ಬಿಚ್ಚಿದೆ. ಎರಡು ಕಣ್ಣು ನನ್ನನ್ನು ನೋಡಿದವು. ಬೆಳ್ಳಿಯ ತಗಡಿನಲ್ಲಿ ಕೊರೆದ, ರೆಪ್ಪೆಯಿಲ್ಲದ, ಮುಚ್ಚಲಾರದ ಕಣ್ಣುಗಳು. ಹಾಳುಬಾವಿಯ ಹೆಂಗಸು ನನ್ನನ್ನು ಅಷ್ಟು ಹೆದರಿಸಿರಲಿಲ್ಲ. ನಾನು ಚೀರುವಷ್ಟರಲ್ಲಿ ಅವ್ವನ ಕೈ ನನ್ನ ಬಾಯಿ ಮುಚ್ಚಿತು. ನನ್ನನ್ನು ಬಚ್ಚಲಿಗೆ ಎಳೆದೊಯ್ದು, ಪಿಸುದನಿಯಲ್ಲಿ ಹೇಳಿದಳು. ಅವು ಬನಶಂಕರಿಗೆ ಹರಕೆ ಹೊತ್ತ ಕಣ್ಣು. ಅವಳ ಎಡಗಣ್ಣು ಮಸುಕಾಗಿ ಬಹಳ ದಿನವಾಗಿತ್ತು. ಬಲಗಣ್ಣಿನಲ್ಲಿ ನಡು ಕಾಣುತ್ತಿತ್ತು, ಅಂಚು ಕಾಣುತ್ತಿರಲಿಲ್ಲ. ದೀಪ ನೋಡಿದರೆ ಸುತ್ತ ಬಣ್ಣದ ಬಳೆ ಕಾಣುತ್ತಿತ್ತು.

"ದವಾಖಾನಿಗೆ ಹೋಗೂಣು ಅವ್ವಾ."

"ನಮ್ಮವ್ವನ್ನ ಹಂಗ ಕರಕೊಂಡ ಹೋಗಿದ್ರು. ಇದ್ದಷ್ಟೂ ಹೋತು. ಆಮ್ಯಾಲೆ ಬಾದಾಮ್ಯಾಗ ಕಟ್ಟಿ ಮ್ಯಾಲೆ ಕುಂತಾಕಿ ಸಾಯೂತನಾ ಏಳಲಿಲ್ಲ. ನನ್ನ ಒಮ್ಮೆ ಕುಣ್ಯಾಗಿಂದ ಎಬ್ಬಿಸಿದ್ರ ಮತ್ತ ಇಳ್ಸಂಗಿಲ್ಲ ಪಾರಿ. ಬನಶಂಕರಿ ತಾಯಿ ಕಣ್ಣು ಕೊಡ್ತಾಳ. ಅಲ್ಲೀತನಾ ನೀ ಬಾಯಿ ಬಿಡಬ್ಯಾಡ. ನಿಮ್ಮಪ್ಪ ಕೇಳಿದ್ರ ದೆವ್ವದ ಪಾಠ ಓದಿದ್ದೆ ಅನ್ನು."

ನನ್ನ ಕೈ ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಂಡು ಆಣೆ ತೆಗೆದುಕೊಂಡಳು. ಬಾಯಿ ಬಿಟ್ಟರೆ ಅವ್ವ ಸಾಯುತ್ತಾಳೆ. ಆ ವಯಸ್ಸಿನಲ್ಲಿ ಆಣೆಯೆಂದರೆ ನನಗೆ ಗೊತ್ತಿದ್ದ ಅರ್ಥ ಅದೊಂದೇ.

ಸೀರೆ ಕೊಯ್ದ ದಿನ ಅಪ್ಪ ಬೆಳಕಿಗೆ ಹಿಡಿದ. ಬೆರಳು ಎಡದಡಿಯ ಗುಂಟ ಬಂದು ನಿಂತಿತು.

"ನಾಕನೇ ಮೊಳದಾಗ ಏನ ಓದಿದ್ದಿ?"

ಅವನು ನಗುತ್ತಿರಲಿಲ್ಲ. ನಾನು ಅವ್ವನ ಕಡೆ ನೋಡಿದೆ. ಅವ್ವ ನನ್ನ ಕಡೆ ನೋಡುತ್ತಿದ್ದಳೋ ಇಲ್ಲವೋ, ಹೇಳುವುದು ಕಷ್ಟವಾಗಿತ್ತು.

"ದೆವ್ವದ ಪಾಠ. ನೀ ಸಂತಿಗೆ ಹೋದಾಗ ಓದಿದ್ದೆ" ಎಂದೆ.

ಕಪಾಳಕ್ಕೆ ಬಿತ್ತು. ಅಪ್ಪ ನನಗೆ ಹೊಡೆದದ್ದು ಜೀವಮಾನದಲ್ಲಿ ಅದೊಂದೇ ಸಲ. "ಬ್ಯಾಡ ಅಂದ್ರೂ ತಂದಿಯಲ್ಲ!" ಎಂದ. ಕೆನ್ನೆ ಉರಿಯಿತು, ಆದರೆ ನಿಜವಾಗಿ ಹೇಳುತ್ತೇನೆ, ಆ ಕ್ಷಣ ನನಗೆ ಸಮಾಧಾನವಾಯಿತು. ಅವನು ನಂಬಿದ್ದ.

ಅಲ್ಲಿಂದ ಮುಂದೆ ನಾನು ಓದಿದ ಪುಸ್ತಕಗಳ ಕತೆ ಒಂದೂ ನೆನಪಿಲ್ಲ. ಹೊಸ್ತಿಲು ಬಿಟ್ಟು ಅವ್ವನ ಕುಣಿಯ ಪಕ್ಕಕ್ಕೆ ಸರಿದು ಕೂತೆ. ನಾನೂ ಅವಳೂ ಒಂದು ಗುರುತು ಮಾಡಿಕೊಂಡೆವು. ಎಡದಡಿಯಲ್ಲಿ ಎಳೆ ಹರಿದರೆ ನಾನು ಓದಿದ ಸಾಲನ್ನೇ ಮತ್ತೊಮ್ಮೆ ಓದಬೇಕು, ಬಲದಡಿಯಲ್ಲಾದರೆ ಕೆಮ್ಮಬೇಕು. "ಯಾಕ ಹೇಳಿದ್ದ ಹೇಳ್ತೈತಿ ಈ ಕೂಸು?" ಎಂದು ಆಯಿ ಗೊಣಗುತ್ತಿದ್ದಳು. ಒಂದು ಕಣ್ಣು ಅಕ್ಷರದ ಮೇಲೆ, ಒಂದು ಕಣ್ಣು ಎಳೆಯ ಮೇಲೆ. ಸಾಲಿಯಲ್ಲಿದ್ದಾಗ ಅದಕ್ಕಿಂತ ಕಷ್ಟ. ಈಗ ಎಳೆ ಹರಿಯಿತೇನೋ, ಈಗ ಹರಿಯಿತೇನೋ ಎಂದು ಬೆಂಚಿನ ಮೇಲೆ ಕೂತು ಬೆವರುತ್ತಿದ್ದೆ. ಹೊಟ್ಟೆನೋವೆಂದು ಸುಳ್ಳು ಹೇಳಿ ಮನೆಗೆ ಓಡಿಬಂದು ಬಾಗಿಲಲ್ಲಿ ನಿಂತು ಮೊದಲು ದಡಿ ನೋಡುತ್ತಿದ್ದೆ. ಅವ್ವನ ಕಣ್ಣು ದಿನದಿಂದ ದಿನಕ್ಕೆ ಸೋಲುತ್ತಿತ್ತು. ಜೋಳದ ಕಲ್ಲು ಆರಿಸುವುದು ನನ್ನ ಪಾಲಿಗೆ ಬಂತು. ಒಲೆಯ ಮುಂದೆ ಅವಳ ಸೆರಗು ಒಮ್ಮೆ ಹೊತ್ತಿಕೊಂಡಿತು. ಆರಿಸಿದವಳು ನಾನು, ಆಯಿಗೆ ಹೇಳದೆ ಸುಮ್ಮನಿದ್ದವಳೂ ನಾನೇ. ಬೆಳ್ಳಿಯ ಕಣ್ಣುಗಳಿಗೆ ನಾನೂ ಕೈಮುಗಿದೆ. ಅವು ರೆಪ್ಪೆ ಬಡಿಯದೆ ನೋಡಿದವು.

ಸಂಕ್ರಮಣದ ಹೊತ್ತಿಗೆ, ನಮಗೆ ನೂಲು ಕೊಟ್ಟು ಸೀರೆ ಕೊಳ್ಳುತ್ತಿದ್ದ ಸಾವುಕಾರ ಅವ್ವನ ಸೀರೆಯೊಂದನ್ನು ವಾಪಸು ಕಳಿಸಿದ. ನಮ್ಮ ಮನೆಗೆ ಬಟ್ಟೆ ವಾಪಸು ಬಂದದ್ದು ಅದೇ ಮೊದಲು. ಅಪ್ಪ ಕೂಗಾಡಲಿಲ್ಲ. ಸೀರೆಯನ್ನು ಮಡಚಿಟ್ಟು, ನನ್ನ ಪುಸ್ತಕಗಳನ್ನು ಕೈಗೆತ್ತಿಕೊಂಡು, "ನಡಿ, ಕೊಟ್ಟು ಬರೂಣು. ಓದೂದು ಸಾಕು" ಎಂದ. ಅವ್ವ ಕುಣಿಯಲ್ಲಿ ಕೂತು ದಡಿಯ ಮೇಲೆ ಬೆರಳಾಡಿಸುತ್ತಿದ್ದಳು. ದಾರಿಯುದ್ದಕ್ಕೂ ನಾನು ಅಳಲಿಲ್ಲ. ಓದು ಹೋದರೆ ಅವ್ವನ ಪಕ್ಕ ಕೂರಲು ನೆಪ ಹೋಯಿತು, ಇನ್ನು ಎಳೆ ಹರಿದರೆ ಹೇಳುವವರು ಯಾರು ಎಂಬುದೊಂದೇ ತಲೆಯಲ್ಲಿತ್ತು.

ಮಾಸ್ತರು ಪುಸ್ತಕ ತೆಗೆದುಕೊಂಡು, ಆ ವಾರ ತಮ್ಮ ಬಳಿ ಉಳಿದಿದ್ದ ನನ್ನ ನೋಟುಬುಕ್ಕನ್ನು ಅಪ್ಪನ ಕೈಗೆ ಕೊಟ್ಟರು.

"ಇದು ನಿಮ್ಮ ಮಗಳದು. ಜೋಪಾನ ಇಡ್ರಿ. ಒಂದ ಕಡೆ ನಂಗ ತಿಳೀಲಿಲ್ಲ, ಕೇಳಿದ್ರ ಈಕಿ ಮಾತಾಡಲಿಲ್ಲ. ಕೆಂಪು ಶಾಯಿಲೆ ಗುರುತು ಹಾಕೇನಿ ನೋಡ್ರಿ."

ಅಪ್ಪ ಅಕ್ಷರ ಕೂಡಿಸಿ ಕೂಡಿಸಿ ಓದುವವನು. ವಾಚನಾಲಯದ ಮೆಟ್ಟಿಲ ಮೇಲೆ ಕೂತು, ಬೆರಳಿಟ್ಟು ಓದಿದ. ಅಳಿಲಿನ ಪುಸ್ತಕ. ಅಂಜುವಂಥದ್ದು ಏನೂ ಇಲ್ಲ. ಆಮೇಲೆ ಮುಂದಿನ ಸಾಲು. ಆಮೇಲೆ ಅಂಚಿನ ಅಂಕಿ. ಬಟ್ಟೆಯ ತಪ್ಪನ್ನು ಮರೆಯುವ ಮನುಷ್ಯನಲ್ಲ ಅವನು, ಹೊಡೆದ ಏಟನ್ನೂ ಮರೆತಿರಲಿಲ್ಲ. ನನ್ನ ಕೆನ್ನೆ ಮುಟ್ಟಿ, ಮೆಲ್ಲಗೆ ಕೇಳಿದ.

"ಖರೆ ಹೇಳವಾ. ನಾಕನೇ ಮೊಳದಾಗ ಏನ ಓದಿದ್ದಿ?"

"ಅಳಿಲಿನ ಕತಿ ಅಪ್ಪಾ" ಎಂದೆ. ಆಣೆ ಮುರಿಯಿತು. ಈಗ ಮನೆಗೆ ಹೋದರೆ ಅವ್ವ ಸತ್ತು ಬಿದ್ದಿರುತ್ತಾಳೆ ಎಂದು ಖಾತ್ರಿಯಾಗಿ ನಂಬಿಕೊಂಡೇ ಉಳಿದದ್ದನ್ನೂ ಹೇಳಿದೆ. "ಅವ್ವಗ ಕಣ್ಣ ಕಾಣವಲ್ದು."

ಮನೆಯತ್ತ ಓಡಿದವಳು ನಾನು. ಅವ್ವ ಸತ್ತಿರಲಿಲ್ಲ, ರೊಟ್ಟಿ ಬಡಿಯುತ್ತಿದ್ದಳು. ಹಿಂದೆಯೇ ಬಂದ ಅಪ್ಪ ಒಲೆಯ ಮುಂದೆ ಕೂತು, ತನ್ನ ಅಂಗೈಯನ್ನು ಅವಳ ಎಡಗಣ್ಣಿನ ಪಕ್ಕದಲ್ಲಿ ಹಿಡಿದು ಆಡಿಸಿದ. ಅವಳು ರೊಟ್ಟಿ ಬಡಿಯುತ್ತಲೇ ಇದ್ದಳು. ಅಪ್ಪ ಅತ್ತದ್ದನ್ನು ನಾನು ಕಂಡದ್ದು ಅಂದೇ.

ಮರುದಿನ ಬೆಳಗಿನ ಬಸ್ಸಿಗೆ ಬಾಗಲಕೋಟೆಗೆ ಹೋದೆವು. ಅವ್ವ ನನ್ನೊಂದಿಗೆ ಮಾತಾಡಲಿಲ್ಲ. ಹುನಗುಂದ ದಾಟಿತು. ಅಮೀನಗಡದಲ್ಲಿ ಬಸ್ಸು ನಿಂತಾಗ ಅಪ್ಪ ಕರದಂಟು ತಂದು ಕೊಟ್ಟ, ಅದು ಅವಳ ಉಡಿಯಲ್ಲೇ ಉಳಿಯಿತು. ದವಾಖಾನೆಯಲ್ಲಿ ಡಾಕ್ಟರು ಕತ್ತಲೆಯ ಕೋಣೆಯಲ್ಲಿ ಅವಳ ಕಣ್ಣೊಳಗೆ ಬೆಳಕು ಬಿಟ್ಟು ನೋಡಿ, ಕಣ್ಣಿನೊಳಗಿನ ಒತ್ತಡ ಏರಿ ನರ ಸಾಯುತ್ತಿದೆ, ಎಡಗಣ್ಣು ಹೋಗಿದೆ, ಬಲಗಣ್ಣನ್ನು ಇದ್ದಷ್ಟಾದರೂ ಉಳಿಸಬಹುದು ಎಂದರು.

"ನಾಕೈದ ತಿಂಗಳ ಮೊದಲ ಬರಬೇಕಾಗಿತ್ತಲ್ರಿ. ಎಡದ್ದೂ ಒಂದಿಷ್ಟು ಉಳೀತಿತ್ತು."

ಗೋಡೆಗೊರಗಿ ನಿಂತ ನಾನು ಬೆರಳು ಮಡಚಿದೆ. ಭಾದ್ರಪದ, ಆಶ್ವೀಜ, ಕಾರ್ತೀಕ, ಮಾರ್ಗಶಿರ, ಪುಷ್ಯ. ನನ್ನ ಸುಳ್ಳಿಗೂ ಅಷ್ಟೇ ತಿಂಗಳಾಗಿತ್ತು. ಆ ಮಡಚಿದ ಬೆರಳುಗಳು ಬಿಚ್ಚಿಕೊಳ್ಳಲು ನನಗೆ ಬಹಳ ವರ್ಷ ಬೇಕಾದವು. ಪೂರ್ತಿ ಬಿಚ್ಚಿವೆ ಎಂದು ಈಗಲೂ ಹೇಳಲಾರೆ. ಇದು ತಾಯಿಯಿಂದ ಮಗಳಿಗೆ ಬರುವ ರೋಗ ಎಂದು ಆಮೇಲೆ ತಿಳಿಯಿತು. ನಾನೂ ಹತ್ತು ವರ್ಷದಿಂದ ಕಣ್ಣಿಗೆ ಹನಿ ಹಾಕಿಕೊಳ್ಳುತ್ತಿದ್ದೇನೆ.

ಬಲಗಣ್ಣಿಗೆ ಆಪರೇಶನ್ ಆಗಿ, ಕಟ್ಟು ಬಿಚ್ಚಿ ಮನೆಗೆ ಬಂದ ಮೇಲೆಯೂ ಅವ್ವ ಮುನಿಸಿಕೊಂಡೇ ಇದ್ದಳು. ಅವಳ ಕುಣಿಯ ಮೇಲೆ ಆಯಿ ಹಲಗೆ ಮುಚ್ಚಿಸಿದ್ದಳು. ಅವ್ವ ಅಂಜಿದ್ದು ಅದಕ್ಕೇ, ಅದು ಆಗಿಯೇ ಹೋಗಿತ್ತು. ಒಂದು ಮಧ್ಯಾಹ್ನ, ಅಪ್ಪ ಒಬ್ಬನೇ ನೇಯುತ್ತಿದ್ದಾಗ, ಗೋಡೆ ಹಿಡಿದು ಬಂದು ಆ ಹಲಗೆಯ ಮೇಲೆ ಕೂತು, "ನಿನ್ನ ನೋಟಬುಕ್ಕ ತಾ" ಎಂದಳು. ಅದನ್ನು ಬಲಗಣ್ಣಿಗೆ ಹತ್ತಿರ ಹಿಡಿದು, ಒಂದೊಂದೇ ಅಕ್ಷರವಾಗಿ ಓದಿಕೊಂಡಳು. ಸಾಲು ಮುಗಿದಾಗ ಮುಂದಿನ ಸಾಲು ಸಿಗದೆ ಕಾಗದದ ಮೇಲೆ ಬೆರಳಿಂದ ತಡಕಿದಳು. ಅದನ್ನು ನೋಡಿದಾಗ ನನಗೆ ಹೊಳೆಯಿತು. ನನ್ನನ್ನು ವಾಚನಾಲಯಕ್ಕೆ ಕರೆದೊಯ್ದದ್ದು ನನಗೆ ಓದು ಕಲಿಸಲಿಕ್ಕೆ ಅಲ್ಲ. ಆ ದಿನಕ್ಕಾಗಲೇ ಅವಳಿಗೆ ಸಾಲು ತಪ್ಪುತ್ತಿತ್ತು, ಓದಿ ಹೇಳುವವರು ಬೇಕಾಗಿತ್ತು.

ಕೆಂಪು ಶಾಯಿಯ ಗುರುತಿಗೆ ಬಂದು ಬೆರಳು ನಿಂತಿತು. 'ಓದುವಾಗ ನನಗೆ ಬಹಳ ಅಂಜಿಕೆಯಾಯಿತು.'

"ನಂಗೂ ಆಗಿತ್ತು ಪಾರಿ" ಎಂದಳು, ಎಷ್ಟೋ ದಿನಗಳ ಮೇಲೆ ನನ್ನ ಹೆಸರು ಹಿಡಿದು. "ನಿನ್ನ ದನಿ ಕೇಳಾಕತ್ತಿತ್ತು, ಅದನ್ನ ಹಿಡಕೊಂಡ ಕುಂತಿದ್ದೆ. ಕತಿ ಕಿವ್ಯಾಗ ಹೋಗಲೇ ಇಲ್ಲ. ಏನಾತು ಆ ಅಳಿಲು? ಮನಿ ಮುಟ್ಟಿತೋ ಇಲ್ಲೋ?"

ನನಗೆ ಕೊನೆ ನೆನಪಿರಲಿಲ್ಲ. ಪುಸ್ತಕ ಯಾವಾಗಲೋ ವಾಪಸು ಹೋಗಿತ್ತು. ಕೊನೆಯ ಪುಟದವರೆಗೆ ಓದಿದವಳು ನಾನೇ, ಆದರೆ ಒಂದಕ್ಷರವೂ ನನ್ನೊಳಗೆ ಇಳಿದಿರಲಿಲ್ಲ. ಅಪ್ಪನ ಮಗ್ಗದ ಸದ್ದು ನಿಂತಿತು.

"ನಾ ಕೇಳೇನಿ" ಎಂದ ಅಪ್ಪ ಕುಣಿಯಿಂದ. "ಆವತ್ತ ನೀವಿಬ್ರೂ ಅಂಜಿ ಕುಂತಿದ್ರಿ, ನಾ ಒಬ್ಬಾಂವನ ಅಂಜಿದ್ದಿಲ್ಲ. ಹಲಗಿ ಮ್ಯಾಲಿಂದ ಏಳ್ರಿ, ಅದನ್ನ ತಗೀತೇನಿ. ಆಮ್ಯಾಲೆ ಹೇಳ್ತೇನಿ."